ಹದಿನೆಂಟು ತುಂಬುವ ಮೊದಲು ನೀವು ಹಾಕಬೇಕಾದ ಸಹಿ

ರಾಜ್ಯದ ಬಾಲಮಂದಿರಗಳ ಹಾಗೂ ಎಲ್ಲ ಮಕ್ಕಳ ಪಾಲನಾ ಸಂಸ್ಥೆಗಳ ಅಧೀಕ್ಷಕರಿಗೆ,



ಮೂವತ್ತೊಂದು ವರ್ಷ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ, 2020ರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ನಾನು. ನನ್ನ ಕೊನೆಯ ಶಾಲೆಯ ಹಿಂದಿನ ರಸ್ತೆಯಲ್ಲಿ ಒಂದು ಬಾಲಮಂದಿರವಿತ್ತು. ಪ್ರತಿ ಜೂನ್‌ನಲ್ಲಿ ಅಲ್ಲಿಂದ ಆರೇಳು ಮಕ್ಕಳು ತಲೆಗೆ ಎಣ್ಣೆ ಹಚ್ಚಿ ಬಾಚಿಸಿಕೊಂಡು, ಸಾಲಾಗಿ ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಜೊತೆಗೆ ಬಂದ ಗೃಹಮಾತೆ ಒಂದೊಂದೇ ಹೆಸರು ಹೇಳುತ್ತಿದ್ದರು, ನಾನು ಅಡ್ಮಿಷನ್ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದೆ. ಹುಟ್ಟಿದ ತಾರೀಕಿನ ಕಾಲಮ್ಮಿಗೆ ಬಂದಾಗ ಇಬ್ಬರೂ ಮಗುವಿನ ಮುಖ ನೋಡುತ್ತಿದ್ದೆವು. ಮುಂದಿನ ಹಲ್ಲು ಬಿದ್ದಿದೆಯೇ, ಬಲಗೈಯನ್ನು ತಲೆಯ ಮೇಲಿಂದ ತಂದರೆ ಎಡಗಿವಿ ಸಿಗುತ್ತದೆಯೇ ಎಂದು ನೋಡಿ, ಒಂದು ಇಸವಿ ಊಹಿಸಿ, ಅದರ ಮುಂದೆ ಜೂನ್ 1 ಎಂದು ಬರೆಯುತ್ತಿದ್ದೆ. ತಂದೆಯ ಹೆಸರಿನ ಜಾಗದಲ್ಲಿ ಏನೂ ಇಲ್ಲದಿದ್ದರೆ ಆಗಿದ್ದ ಅಧೀಕ್ಷಕರ ಹೆಸರನ್ನೇ ಬರೆದದ್ದೂ ಉಂಟು. ಕಾಲಮ್ ಖಾಲಿ ಬಿಡಬಾರದು ಎಂಬುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು.

ಆ ಮಕ್ಕಳಲ್ಲಿ ಒಬ್ಬ 2024ರಲ್ಲಿ ಒಂದು ರಾತ್ರಿ ಬೆಂಗಳೂರಿನ ಮೆಜೆಸ್ಟಿಕ್‌ನಿಂದ ಯಾರದೋ ಫೋನಿನಲ್ಲಿ ನನಗೆ ಕರೆ ಮಾಡಿದ. ಹದಿನೆಂಟು ತುಂಬಿ ಬಾಲಮಂದಿರದಿಂದ ಹೊರಬಂದು ಎರಡು ವಾರವಾಗಿತ್ತು. "ಮೇಡಂ, ಪಿಜಿಯವರು ಆಧಾರ್ ಕೇಳ್ತಿದಾರೆ. ನನ್ ಹತ್ರ ಇಲ್ಲ. ಬಾಲಮಂದಿರದಲ್ಲಿ ಕೊಟ್ಟ ಕಾಗದ ತೋರಿಸ್ದೆ. ಬಿಡುಗಡೆ ಅಂತ ಇದೆಯಲ್ಲ, ಯಾವ ಜೈಲಿಂದ ಬಂದಿದೀಯ ಅಂತ ಕೇಳಿದ್ರು" ಎಂದ. ಅಳಲಿಲ್ಲ. ನಾನೇ ಫೋನಿಟ್ಟ ಮೇಲೆ ಬಹಳ ಹೊತ್ತು ಹಾಸಿಗೆಯ ಮೇಲೆ ಕೂತಿದ್ದೆ.

ಅವನು ಒಂದನೇ ತರಗತಿಯಿಂದ ಎಸ್ಸೆಸ್ಸೆಲ್ಸಿವರೆಗೆ ಸರ್ಕಾರದ ಮಗುವಾಗಿಯೇ ಬೆಳೆದವನು. ಸರ್ಕಾರದ ಅನ್ನ, ಸರ್ಕಾರದ ಬಟ್ಟೆ, ಸರ್ಕಾರದ ಶಾಲೆ. ಹನ್ನೆರಡು ವರ್ಷ ದಿನಕ್ಕೆರಡು ಬಾರಿ ಹಾಜರಾತಿ ಪುಸ್ತಕದಲ್ಲಿ ಅವನ ಹೆಸರು ಕರೆದಿದ್ದಾರೆ. ಅಂಥವನ ಕೈಯಲ್ಲಿ ತಾನು ಯಾರೆಂದು ಹೇಳುವ ಒಂದು ಚೀಟಿಯೂ ಇರಲಿಲ್ಲ ಎನ್ನುವುದನ್ನು ನಂಬಲು ನನಗೆ ಹೊತ್ತು ಬೇಕಾಯಿತು. ಆಮೇಲೆ ವಿಚಾರಿಸಿದರೆ ಅವನೊಬ್ಬನೇ ಅಲ್ಲ. ಆ ಕಾರಣಕ್ಕೆ ಈ ಪತ್ರ.

ಶಾಲೆಯಲ್ಲಿರುವಷ್ಟು ದಿನ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಆಧಾರ್ ಇಲ್ಲವೆಂದು ಮಗುವಿಗೆ ಶಾಲೆಯನ್ನಾಗಲೀ ಸೌಲಭ್ಯವನ್ನಾಗಲೀ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಅದು ಒಳ್ಳೆಯ ತೀರ್ಪು, ಮಕ್ಕಳನ್ನು ಕಾಪಾಡಿತು. ಆದರೆ ಆ ರಕ್ಷಣೆ ಇರುವುದು ಮಗುವಾಗಿರುವ ತನಕ. ಹದಿನೆಂಟು ತುಂಬಿದ ಮಾರನೆಯ ದಿನ ಬಾಡಿಗೆ ಕೋಣೆ, ಸಿಮ್ ಕಾರ್ಡು, ಬ್ಯಾಂಕು, ಗಾರ್ಮೆಂಟ್ಸ್ ಗೇಟು, ಪಿಎಫ್ ಖಾತೆ ಎಲ್ಲವೂ ಒಟ್ಟಿಗೆ ಕೈಚಾಚಿ ಕೇಳುತ್ತವೆ. ಮನೆಯಲ್ಲಿ ಬೆಳೆದ ಮಕ್ಕಳಿಗೆ ಅಮ್ಮ ಟ್ರಂಕಿನ ತಳದಿಂದ ಪ್ಲಾಸ್ಟಿಕ್ ಚೀಲ ತೆಗೆದು ಕೊಡುತ್ತಾಳೆ: ಜನನ ಪತ್ರ, ಟಿಸಿ, ಜಾತಿ ಸರ್ಟಿಫಿಕೇಟು, ರೇಷನ್ ಕಾರ್ಡಿನ ಜೆರಾಕ್ಸು. ನಿಮ್ಮ ಮಕ್ಕಳಿಗೆ ಆ ಟ್ರಂಕು ಎಂದರೆ ನಿಮ್ಮ ಕಚೇರಿಯ ಬೀರು.

ಕಾನೂನು ಈ ಕೆಲಸವನ್ನು ನಿಮ್ಮ ದಯೆಗೆ ಬಿಟ್ಟಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 53ನೇ ಕಲಂ ತೆರೆದು ನೋಡಿ. ಸಂಸ್ಥೆಯಲ್ಲಿ ಮಗುವಿಗೆ ಕೊಡಬೇಕಾದ ಸೇವೆಗಳ ಪಟ್ಟಿಯಲ್ಲಿ ಊಟ, ವಸತಿ, ಬಟ್ಟೆ, ಶಿಕ್ಷಣ ಬಂದ ಹಾಗೆಯೇ ಜನನ ನೋಂದಣಿಯೂ ಬರುತ್ತದೆ, ಗುರುತಿನ ದಾಖಲೆ ಪಡೆಯಲು ನೆರವೂ ಬರುತ್ತದೆ. ಒಂದು ದಿನ ಊಟ ಕೊಡದಿದ್ದರೆ ಮಕ್ಕಳು ಗಲಾಟೆ ಮಾಡುತ್ತಾರೆ, ಸುದ್ದಿ ಜಿಲ್ಲಾಧಿಕಾರಿಯವರೆಗೆ ಹೋಗುತ್ತದೆ. ದಾಖಲೆ ಮಾಡಿಸದಿದ್ದರೆ ಸದ್ದೇ ಆಗುವುದಿಲ್ಲ. ಹಸಿವು ತಿಳಿಯುವುದು ಮಗು ಗೇಟು ದಾಟಿ ಹೋದ ಮೇಲೆ.

ಈಗ ನಿಮ್ಮ ಸಹಿಯ ವಿಷಯ. ಬೇರೆ ದಾಖಲೆ ಇಲ್ಲದವರಿಗೆಂದು ಆಧಾರ್ ನೀಡುವ ಪ್ರಾಧಿಕಾರದ್ದೇ ಒಂದು ನಿಗದಿತ ನಮೂನೆ ಇದೆ. ಅದರಲ್ಲಿ ಫೋಟೋ ಅಂಟಿಸಿ, ಫೋಟೋದ ಮೇಲೆ ಹಾಯುವಂತೆ ಸಹಿ ಮತ್ತು ಮೊಹರು ಹಾಕಿದರೆ ಹೆಸರು, ವಿಳಾಸಗಳಿಗೆ ಆ ಹಾಳೆಯೇ ಪುರಾವೆ. ಸಹಿ ಮಾಡಬಲ್ಲವರ ಪಟ್ಟಿಯಲ್ಲಿ ಗೆಜೆಟೆಡ್ ಅಧಿಕಾರಿ, ಶಾಸಕರ ಜೊತೆಗೆ ಮಾನ್ಯತೆ ಪಡೆದ ಆಶ್ರಯಧಾಮ, ಅನಾಥಾಲಯಗಳ ಮುಖ್ಯಸ್ಥರೂ ಇದ್ದಾರೆ. ಅಂದರೆ ನೀವು. ಶಾಸಕರ ಮನೆಯ ಮುಂದೆ ಕಾಯಬೇಕಿಲ್ಲ, ತಹಶೀಲ್ದಾರರ ಕಾಲು ಹಿಡಿಯಬೇಕಿಲ್ಲ. ಆದರೆ ನಿಮ್ಮ ಸಹಿ ನಡೆಯುವುದು ನಿಮ್ಮ ಸಂಸ್ಥೆಯಲ್ಲಿ ವಾಸವಿರುವವರಿಗೆ ಮಾತ್ರ, ಆ ಹಾಳೆ ಬಾಳುವುದೂ ಮೂರೇ ತಿಂಗಳು. ಹುಡುಗ ಹೊರಟುಹೋದ ಮೇಲೆ ನೀವು ಎಷ್ಟು ಪ್ರೀತಿಯಿಂದ ಸಹಿ ಮಾಡಿದರೂ ಅದು ಬರೀ ಶಾಯಿ.

ಹದಿನೆಂಟರ ಆಚೆಗೆ ದಾರಿ ಇನ್ನೂ ಕಡಿದಾಗುತ್ತದೆ. ವಯಸ್ಕರು ಮೊದಲ ಸಲ ಆಧಾರ್‌ಗೆ ನೋಂದಾಯಿಸಿದರೆ ಅರ್ಜಿ ರಾಜ್ಯ ಸರ್ಕಾರದ ಅಧಿಕಾರಿಗಳ ಪರಿಶೀಲನೆಗೆ ಹೋಗುತ್ತದೆ. ಎಲ್ಲ ಕೇಂದ್ರಗಳೂ ತೆಗೆದುಕೊಳ್ಳುವುದಿಲ್ಲ, ನಿಗದಿಪಡಿಸಿದ ಕೆಲವು ಕೇಂದ್ರಗಳಿಗೇ ಹೋಗಬೇಕು. 180 ದಿನದವರೆಗೂ ಕಾಯಬೇಕಾಗಬಹುದು. ಮೆಜೆಸ್ಟಿಕ್‌ನಿಂದ ಫೋನ್ ಮಾಡಿದ ಹುಡುಗ ಕಾದದ್ದು ಐದು ತಿಂಗಳಿಗೂ ಮೇಲೆ. ಅಷ್ಟು ದಿನ ಒಂದು ಬೇಕರಿಯ ಒಲೆಮನೆಯಲ್ಲಿ ಮೈದಾ ಮೂಟೆಗಳ ಪಕ್ಕ ಮಲಗಿದ. ದಿನಗೂಲಿ ಕೈಗೆ ಕೊಟ್ಟಾಗ ಉಂಟು, ಕೊಡದಿದ್ದಾಗ ಕೇಳುವ ಹಾಗಿಲ್ಲ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಸಂಸ್ಥೆ ಬಿಟ್ಟ ಯುವಕರ ಅನುಪಾಲನೆಗೆಂದು ತಿಂಗಳಿಗೆ ₹4,000 ಇದೆ, 21 ವರ್ಷದವರೆಗೆ ಕೊಡಬಹುದು. ಅವನು ಅದಕ್ಕೆ ಅರ್ಹನಿದ್ದ. ಹಣ ಬರುವುದು ಬ್ಯಾಂಕ್ ಖಾತೆಗೆ, ಅವನಿಗೆ ಖಾತೆ ತೆರೆಯಲು ಗುರುತಿನ ಚೀಟಿ ಬೇಕು. ಸಹಾಯ ತುಂಬ ಬೇಕಾಗಿದ್ದ ಐದು ತಿಂಗಳಲ್ಲಿ ಸಹಾಯ ಅವನಿಗೆ ಮುಟ್ಟಲಿಲ್ಲ.

ಆಧಾರ್ ಇದ್ದರೂ ಸಾಲದು ಎನ್ನುವುದನ್ನು ನನಗೆ ಕಲಿಸಿದವಳು ಇನ್ನೊಬ್ಬ ಹುಡುಗಿ. ಅವಳಿಗೆ ಚಿಕ್ಕಂದಿನಲ್ಲೇ ಶಾಲೆಯ ಶಿಬಿರವೊಂದರಲ್ಲಿ ಆಧಾರ್ ಆಗಿತ್ತು. ಮೊಬೈಲ್ ನಂಬರ್ ಕೇಳಿದಾಗ ಆಗಿನ ಮೇಡಂ ತಮ್ಮದೇ ನಂಬರ್ ಕೊಟ್ಟಿದ್ದರು. ಅವರು ವರ್ಗವಾಗಿ ಹೋದರು, ನಂಬರೂ ಬದಲಾಯಿತು. ಆಮೇಲೆ ಈ ಹುಡುಗಿ ಎಲ್ಲಿ ಆಧಾರ್ ಕೊಟ್ಟರೂ ಓಟಿಪಿ ಮಾತ್ರ ಯಾರ ಕೈಗೂ ಸಿಗದ ಒಂದು ಫೋನಿಗೆ ಹೋಗುತ್ತಿತ್ತು. ಐದು ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಇನ್ನೊಮ್ಮೆ ಮಕ್ಕಳ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಅದೂ ಆಗಿರಲಿಲ್ಲ. ಬ್ಯಾಂಕಿನ ಯಂತ್ರದ ಮೇಲೆ ಹೆಬ್ಬೆರಳು ಇಟ್ಟರೆ ಅವಳು ಅವಳಲ್ಲ ಎಂದಿತು. ಅವಳ ಕಾರ್ಡಿನಲ್ಲಿ ವಿಳಾಸ ನಮ್ಮ ರಾಜ್ಯದ್ದೇ, ಆದರೆ ಕೈಯಲ್ಲಿದ್ದದ್ದು ಅಳಿಸಿಹೋದ ಒಂದು ಜೆರಾಕ್ಸು. ಶಕ್ತಿ ಯೋಜನೆಯ ಬಸ್ಸಿನಲ್ಲಿ ಬೇರೆ ಹೆಣ್ಣುಮಕ್ಕಳು ಉಚಿತವಾಗಿ ಹೋಗುತ್ತಿದ್ದಾಗ ಅವಳು ದಿನವೂ ಕಂಡಕ್ಟರಿಗೆ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳುತ್ತಿದ್ದಳು. ಕೇಳಲು ಸಣ್ಣ ಮಾತು. ತಿಂಗಳ ಸಂಬಳದಲ್ಲಿ ಅದು ಸಣ್ಣದಲ್ಲ.

ಹಾಗಾಗಿ ಹದಿನೈದಕ್ಕೆ ಬೆರಳಚ್ಚು ಮಾಡಿಸುವ ದಿನವೇ ನಂಬರಿನ ವಿಷಯ ಸರಿ ಮಾಡಿ. ಹೊರಡುವ ತಿಂಗಳು ಅವರದೇ ಸಿಮ್, ಅವರದೇ ನಂಬರ್, ಅವರದೇ ಡಿಜಿಲಾಕರ್. ಗುಪ್ತಸಂಖ್ಯೆ ನಿಮಗೂ ಗೊತ್ತಿರಬಾರದು.

ಹೆಸರಿನ ವಿಚಾರದಲ್ಲಿ ನನ್ನ ತಪ್ಪು ದೊಡ್ಡದು, ಅದನ್ನು ಮುಚ್ಚಿಡುವುದಿಲ್ಲ. ಮಗು ಬಂದ ದಿನ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಲ್ಲಿ 'ಮಂಜ' ಎಂದಿರುತ್ತದೆ. ನಾನು ರಿಜಿಸ್ಟರಿನಲ್ಲಿ 'ಮಂಜುನಾಥ' ಎಂದು ಬರೆದಿರುತ್ತೇನೆ, ಚೆನ್ನಾಗಿ ಕಾಣಲಿ ಎಂದು. ಆಧಾರ್ ಶಿಬಿರದವನು ಇಂಗ್ಲಿಷಿನಲ್ಲಿ ಒಂದಕ್ಷರ ಜಾಸ್ತಿ ಹಾಕಿರುತ್ತಾನೆ. ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಒಂದು ಇನಿಷಿಯಲ್ ಸೇರಿರುತ್ತದೆ, ಅದು ಯಾರ ಹೆಸರಿನದೆಂದು ಹುಡುಗನಿಗೇ ಗೊತ್ತಿಲ್ಲ. ಮನೆಯಿರುವವರು ಇಂಥದನ್ನು ಅಪ್ಪನ ಅಫಿಡವಿಟ್ಟಿನಿಂದ ಸರಿಪಡಿಸಿಕೊಳ್ಳುತ್ತಾರೆ. ಈ ಹುಡುಗನ ಪರವಾಗಿ ಅಫಿಡವಿಟ್ ಹಾಕುವವರು ಯಾರು? ವಯಸ್ಸು ತಿಳಿಯಬೇಕಾದಾಗ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಮೊದಲು ಕೇಳುವುದೇ ಶಾಲೆಯ ದಾಖಲೆಯನ್ನು. ಅದಿಲ್ಲದಿದ್ದರೆ ಪುರಸಭೆ, ಪಂಚಾಯಿತಿಗಳ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆಯ ಪರೀಕ್ಷೆ. ನಾನು ಹಲ್ಲು ನೋಡಿ ಬರೆದ ಜೂನ್ 1 ಹೀಗೆ ಒಬ್ಬ ಮನುಷ್ಯನ ಜೀವಮಾನದ ಸತ್ಯವಾಗಿ ಕೂತಿತು. ಸಮಿತಿಯ ಆದೇಶದ ಪ್ರತಿ ತಂದುಕೊಡಿ, ಅದರಲ್ಲಿ ಇರುವಂತೆಯೇ ಬರೆಯುತ್ತೇನೆ ಎಂದು ನಾನು ಆಗ ಹಟ ಹಿಡಿಯಬೇಕಿತ್ತು. ಈಗ ನೀವು ಹಿಡಿಯಿರಿ. ಶಾಲೆಗೆ ಸೇರಿಸುವಾಗ ಗೃಹಮಾತೆಯನ್ನು ಬರಿಗೈಯಲ್ಲಿ ಕಳಿಸಬೇಡಿ, ಆದೇಶದ ಪ್ರತಿ ಕೊಟ್ಟು ಕಳಿಸಿ. ತಂದೆಯ ಕಾಲಮ್ಮಿನಲ್ಲಿ ನಿಮ್ಮ ಹೆಸರು ಬೇಡ. ನೀವು ಪೋಷಕರು, ಆ ಕಾಲಮ್ಮು ಬೇರೆ ಇದೆ.

ಫಾಸ್ಟರ್ ಕೇರ್‌ನಲ್ಲಿ, ಅಂದರೆ ದತ್ತು ಹೋಗದೆ ಬೇರೆ ಮನೆಯಲ್ಲಿ ಬೆಳೆಯುವ ಮಕ್ಕಳ ವಿಷಯದಲ್ಲೂ ಇದೇ ಎಡವಟ್ಟು. ಸಾಕುವ ದಂಪತಿ ಪ್ರೀತಿಯಿಂದಲೇ "ನಮ್ಮ ಹೆಸರೇ ಹಾಕಿಬಿಡಿ" ಎನ್ನುತ್ತಾರೆ. ಎರಡು ವರ್ಷದ ಮೇಲೆ ಆ ಏರ್ಪಾಡು ಮುಗಿದು ಮಗು ವಾಪಸು ಬಂದರೆ ಒಂದೇ ಮಗುವಿಗೆ ಇಬ್ಬರು ಅಪ್ಪಂದಿರು, ಎರಡು ಊರು. ಅವರ ಮನಸ್ಸು ನೋಯಿಸದೆ ಬೇಡ ಎನ್ನುವ ಕೆಲಸ ನಿಮ್ಮದು ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ್ದು. ಅಪ್ಪನ ಹೆಸರಿಲ್ಲದೆ ಏನೂ ಆಗುವುದಿಲ್ಲ ಎಂಬ ಹೆದರಿಕೆಯೂ ಈಗ ಬೇಡ. ತಾಯಿಯೊಬ್ಬಳೇ ಇರುವ ಮಗುವಿಗೆ ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎಂದು 2018ರ ಡಿಸೆಂಬರ್‌ನಲ್ಲೇ ನಿಯಮ ಬದಲಾಯಿತು. ಮದುವೆಯಾಗದ ತಾಯಿ ಅಫಿಡವಿಟ್ ಕೊಟ್ಟರೆ ಜನನ ಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಪಾಸ್‌ಪೋರ್ಟಿಗೂ ಅನಾಥ ಮಗುವಿನ ಹುಟ್ಟಿದ ತಾರೀಕಿಗೆ ಬೇರೆ ಪುರಾವೆ ಇಲ್ಲದಿದ್ದರೆ ಸಂಸ್ಥೆಯ ಮುಖ್ಯಸ್ಥರು ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರೆ ಆಗುತ್ತದೆ ಎಂದು 2016ರ ಕೊನೆಯಲ್ಲಿ ನಿಯಮ ಸಡಿಲಾಯಿತು. ಇಲ್ಲಿಯೂ ನಿಮ್ಮದೇ ಸಹಿ, ನೋಡಿ.

ತೊಟ್ಟಿಲಲ್ಲಿರುವ ಕೂಸುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಜನನ ಮರಣ ನೋಂದಣಿ ಕಾಯ್ದೆಗೆ ಬಂದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲೆ ಸೇರಲು, ಮತಪಟ್ಟಿಗೆ, ಡ್ರೈವಿಂಗ್ ಲೈಸೆನ್ಸಿಗೆ, ಸರ್ಕಾರಿ ನೌಕರಿಗೆ ಹುಟ್ಟಿನ ತಾರೀಕು ಮತ್ತು ಜಾಗದ ಪುರಾವೆ ಎಂದರೆ ಜನನ ಪತ್ರ ಒಂದೇ. ನನ್ನಂಥ ಟೀಚರು ಬರೆದ ಜೂನ್ 1 ಇನ್ನು ನಡೆಯುವುದಿಲ್ಲ. ಬೀದಿಯಲ್ಲಿ ಸಿಕ್ಕ ನವಜಾತ ಶಿಶುವಿನ ಜನನವನ್ನು ತಿಳಿಸುವ ಹೊಣೆಯನ್ನು 1969ರ ಮೂಲ ಕಾಯ್ದೆಯೇ ಪಟ್ಟಣದಲ್ಲಾದರೆ ಪೊಲೀಸ್ ಠಾಣಾಧಿಕಾರಿಗೆ, ಹಳ್ಳಿಯಲ್ಲಾದರೆ ಗ್ರಾಮದ ಅಧಿಕಾರಿಗೆ ಕೊಟ್ಟಿದೆ. ಅವರು ತಿಳಿಸಿದ್ದಾರೆಯೇ ಎಂದು ಆ ವಾರವೇ ಕೇಳಿ. ಒಂದು ವರ್ಷ ದಾಟಿದರೆ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟ್ ಮಟ್ಟದ ಆದೇಶ ಬೇಕು, ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ತಿದ್ದುಪಡಿಯ ಮೊದಲ ದಿನ ಹುಟ್ಟಿದ ಕೂಸಿಗೆ ಹದಿನೆಂಟು ತುಂಬುವುದು 2041ರಲ್ಲಿ. ಆಗ ನೀವು ನಿವೃತ್ತರು, ನಾನು ಇರುವುದಿಲ್ಲ. ಇವತ್ತಿನ ನಿಮ್ಮ ಒಂದು ಪತ್ರ ಮಾತ್ರ ಇರುತ್ತದೆ.

ಆಧಾರ್‌ಗೆಂದು ಬೆರಳಚ್ಚು ಕೊಟ್ಟಾಗ ಕೆಲವು ಮಕ್ಕಳ ಅರ್ಜಿ ತಿರಸ್ಕಾರವಾಗಿ ಬರುತ್ತದೆ, ಈಗಾಗಲೇ ಆಧಾರ್ ಇದೆ ಎಂಬ ಕಾರಣಕ್ಕೆ. ಅದನ್ನು ಕಡತಕ್ಕೆ ಸೇರಿಸಿ ಸುಮ್ಮನಾಗಬೇಡಿ. ಎಲ್ಲೋ ಒಂದು ಮನೆಯಲ್ಲಿ ಯಾರೋ ಈ ಮಗುವನ್ನು ಎತ್ತಿಕೊಂಡು ಆಧಾರ್ ಕೇಂದ್ರಕ್ಕೆ ಹೋಗಿದ್ದರು ಎಂದು ಅದರ ಅರ್ಥ. ಹೀಗೆ ಎಳೆ ಹಿಡಿದು ಮನೆ ಮುಟ್ಟಿದ ಮಕ್ಕಳು ಬೆಂಗಳೂರಿನಲ್ಲೂ ಇದ್ದಾರೆ. ಆದರೆ ನೇರವಾಗಿ ಮನೆಗೆ ಫೋನ್ ಮಾಡುವ ಮೊದಲು ಸಮಿತಿಯ ಮುಂದಿಡಿ, ಮಗುವನ್ನು ಕೂರಿಸಿಕೊಂಡು ಕೇಳಿ. ಹೊಡೆತ ತಾಳಲಾರದೆ ಓಡಿಬಂದ ಮಕ್ಕಳನ್ನೂ ನಾನು ನೋಡಿದ್ದೇನೆ.

ವಿಳಾಸದ ಬಗ್ಗೆ ಒಂದು ಬಿನ್ನಹ. ಇಂಥ ಮಕ್ಕಳ ಗುರುತನ್ನು ಪತ್ರಿಕೆಗಳಲ್ಲಿ ಬಯಲು ಮಾಡಬಾರದೆಂದು ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ನಾವೋ ಕಾರ್ಡಿನ ಮೇಲೆಯೇ ಬಾಲಮಂದಿರ ಎಂದು ಅಚ್ಚು ಹಾಕಿಸಿ ಕೈಗೆ ಕೊಡುತ್ತೇವೆ. ನಮ್ಮ ಜನ ಇನ್ನೂ ಅದನ್ನು ರಿಮ್ಯಾಂಡ್ ಹೋಮ್ ಎಂದೇ ತಿಳಿದಿದ್ದಾರೆ, ಬಾಡಿಗೆ ಮನೆಯ ಯಜಮಾನರಂತೂ ಹಾಗೆಯೇ. ಬಾಗಿಲ ನಂಬರು, ರಸ್ತೆ, ಬಡಾವಣೆ, ಪಿನ್‌ಕೋಡ್ ಬರೆದರೆ ಸಾಲದೇ? ಕಾಗದ ನಿಮ್ಮ ಗೇಟಿಗೇ ಬರುತ್ತದೆ. ಹೊರಡುವಾಗ ಕೊಡುವ ಪತ್ರದಲ್ಲೂ 'ಬಿಡುಗಡೆ' ಎಂಬ ಪದವನ್ನು ದಯವಿಟ್ಟು ಬಿಡಿ. ಇಂಥ ವರ್ಷದಿಂದ ಇಂಥ ವರ್ಷದವರೆಗೆ ನಮ್ಮಲ್ಲಿದ್ದು ಓದಿದ್ದಾನೆ ಎಂದು ಬರೆದರೆ ಯಾವ ನಿಯಮವೂ ಮುರಿಯುವುದಿಲ್ಲ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಒಬ್ಬರೇ ಎರಡು ಸಂಸ್ಥೆಗಳ ಪ್ರಭಾರ ಹೊತ್ತವರನ್ನು ಕಂಡಿದ್ದೇನೆ. ರಾತ್ರಿ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಓಡುವವರೂ ನೀವೇ, ಮರುದಿನ ಲೆಕ್ಕದ ತಪಾಸಣೆಗೆ ಕೂರುವವರೂ ನೀವೇ. ಒಬ್ಬರೇ ಮಾಡಿ ಎನ್ನುತ್ತಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ನಿರ್ಗತಿಕ ಮಕ್ಕಳಿಗೆ ಆಧಾರ್ ಮಾಡಿಸಲೆಂದೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರಲ್ಲಿ 'ಸಾಥಿ' ಅಭಿಯಾನ ನಡೆಸಿತು. ನಿಮ್ಮ ಜಿಲ್ಲೆಯಲ್ಲಿ ಆಗ ಯಾರು ಓಡಾಡಿದರೋ ಅವರನ್ನು ಮತ್ತೆ ಕರೆಯಿರಿ. ಆಧಾರ್ ಯಂತ್ರವನ್ನು ಸಂಸ್ಥೆಗೇ ತರಿಸಿ ಒಂದು ದಿನದಲ್ಲಿ ಎಲ್ಲ ಮಕ್ಕಳದ್ದೂ ಮುಗಿಸಿದ ಅಧೀಕ್ಷಕಿಯೊಬ್ಬರು ನನಗೆ ಪರಿಚಯ. ಆ ದಿನ ಅವರು ಮಕ್ಕಳಿಗೆ ಪಾಯಸ ಮಾಡಿಸಿದ್ದರು.

ಎಲ್ಲಿಂದ ಶುರು ಮಾಡುವುದು ಎಂದರೆ, ಹದಿನೇಳು ತುಂಬಿದವರಿಂದ. ಇವತ್ತೇ ಒಂದು ಹಾಳೆಯಲ್ಲಿ ಅವರ ಹೆಸರು ಬರೆಯಿರಿ. ಹದಿನೇಳು ದಾಟಿದವರು ಮತದಾರರ ಪಟ್ಟಿಗೆ ಮುಂಗಡ ಅರ್ಜಿ ಹಾಕಬಹುದು, ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. ನಿಮ್ಮಲ್ಲಿ ಇರುವಾಗಲೇ ನಮೂನೆ 6 ತುಂಬಿಸಿ. ಹತ್ತು ವರ್ಷ ದಾಟಿದ ಮಗು ತನ್ನ ಉಳಿತಾಯ ಖಾತೆಯನ್ನು ತಾನೇ ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದೆಂದು ರಿಸರ್ವ್ ಬ್ಯಾಂಕ್ ಹೇಳಿ ಎಷ್ಟೋ ವರ್ಷವಾಯಿತು, ಆದ್ದರಿಂದ ಖಾತೆಗೆ ಹದಿನೆಂಟರವರೆಗೆ ಕಾಯಬೇಕಿಲ್ಲ. ಹೊರಡುವ ದಿನ ಮೂಲ ದಾಖಲೆಗಳನ್ನೇ ಕೈಗೆ ಕೊಡಿ, ಸಹಿ ಹಾಕಿಸಿಕೊಳ್ಳಿ. ಕಳೆದುಬಿಡುತ್ತಾರೆ ಎಂದು ಮೂಲಪ್ರತಿ ಬೀರುವಿನಲ್ಲಿಟ್ಟು ಜೆರಾಕ್ಸ್ ಕೊಡುವವರಿದ್ದಾರೆ. ಕಾಳಜಿಯೇ ಇರಬಹುದು, ಆದರೆ ಅದು ಅವರ ಸ್ವತ್ತು. ಪ್ರತಿ ನೀವಿಟ್ಟುಕೊಳ್ಳಿ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ದೃಢೀಕೃತ ಪ್ರತಿಯನ್ನು ಮರೆಯದೆ ಅವರಿಗೆ ಕೊಡುವ ದಾಖಲೆಗಳಲ್ಲಿ ಸೇರಿಸಿ.

ಈಗಾಗಲೇ ಹೊರಬಿದ್ದು ಬಸ್ ನಿಲ್ದಾಣದಲ್ಲೋ ಫ್ಲೈಓವರ್ ಕೆಳಗೋ ಮಲಗುತ್ತಿರುವವರು ನಿಮಗೇ ಫೋನ್ ಮಾಡುತ್ತಾರೆ, ಬೇರೆ ಯಾರ ನಂಬರೂ ಅವರಿಗೆ ಬಾಯಿಗೆ ಬರುವುದಿಲ್ಲ. ಕಡತ ಮುಗಿದಿದೆ ಎನ್ನಬೇಡಿ. ಮನೆ ಇಲ್ಲದವರಿಗೆ ಚುನಾವಣಾ ಆಯೋಗ ವಿಳಾಸದ ಪುರಾವೆ ಕೇಳುವುದಿಲ್ಲ. ಅರ್ಜಿಯಲ್ಲಿ ಮಲಗುವ ಜಾಗ ಬರೆದರೆ ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಅಲ್ಲಿಗೆ ಬಂದು, ಒಂದಕ್ಕಿಂತ ಹೆಚ್ಚು ರಾತ್ರಿ ನೋಡಿ, ಅವರು ಅಲ್ಲೇ ಮಲಗುತ್ತಾರೆಂದು ಖಾತ್ರಿ ಮಾಡಿಕೊಂಡರೆ ಸಾಕು. ಸೂರಿಲ್ಲದವನಿಗೂ ಮೊದಲ ಗುರುತಿನ ಚೀಟಿ ಹೀಗೆ ಸಿಗಬಹುದು ಎಂಬುದನ್ನು ಅವರಿಗೆ ಹೇಳುವವರೇ ಇಲ್ಲ.

ಮೆಜೆಸ್ಟಿಕ್‌ನ ಆ ಹುಡುಗನಿಗೆ ಕಾರ್ಡು ಬಂದ ದಿನ ಅದರ ಫೋಟೋ ತೆಗೆದು ನನಗೆ ಕಳಿಸಿದ. ಹುಟ್ಟಿದ ತಾರೀಕು ಜೂನ್ 1. ಕೆಳಗೆ "ಇದು ನೀವು ಕೊಟ್ಟಿದ್ದು ಮೇಡಂ" ಎಂದು ಬರೆದಿದ್ದ.

ನನ್ನ ಕಾಲದ ಅಡ್ಮಿಷನ್ ರಿಜಿಸ್ಟರುಗಳು ಆ ಶಾಲೆಯ ಕಪಾಟಿನಲ್ಲಿ ಇನ್ನೂ ಇವೆ. ಅವುಗಳಲ್ಲಿ ಯಾವುದಾದರೂ ಮಗುವಿನ ಹೆಸರೋ ತಾರೀಕೋ ತಿದ್ದಬೇಕಾಗಿ ಬಂದು, ಬರೆದವರು ಯಾರು, ಯಾವ ಆಧಾರದ ಮೇಲೆ ಬರೆದರು ಎಂದು ಯಾರಾದರೂ ಕೇಳಿದರೆ ನನ್ನನ್ನು ಕರೆಯಿರಿ. ಕೈಬರಹ ನನ್ನದು. ಬೆಳಗಿನ ಮೊದಲ ಬಸ್ಸಿಗೆ ಬಂದು ಹೇಳಿಕೆ ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ